ನೇತ್ರಾಣಿಯ ಹವಳದ ವಿಡಿಯೋಗಳಿಂದ ನಕ್ಷೆ ಮಾಡಬಹುದಾ? ಗೊತ್ತಿರುವವರು ಹೇಳಿ

ಕಡಲಂಚು
ಎಲ್ಲರಿಗೂ ನಮಸ್ಕಾರ. ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಪ್ರತಿ ಸೀಸನ್ನಿನಲ್ಲೂ ಡೈವಿಂಗಿಗೆ ಹೋಗುವ ಗೆಳೆಯರ ಗುಂಪು ನಮ್ಮದು. ಎಲ್ಲರ ಹತ್ರಾನೂ ಗೋಪ್ರೋ ಇದೆ. ವರ್ಷಗಳಿಂದ ತೆಗೆದ ವಿಡಿಯೋಗಳು ಹಾರ್ಡ್‌ಡಿಸ್ಕಿನಲ್ಲಿ ಸುಮ್ನೆ ಬಿದ್ದಿವೆ. ಮೊನ್ನೆ ಗುಂಪಿನಲ್ಲಿ ಒಬ್ಬರು ಹಳೆಯ ಕ್ಲಿಪ್ ಹಾಕಿ "ನೋಡಿ, ಈ ಉಂಡೆ ಹವಳ ಆಗ ಪೂರ್ತಿ ಜೀವಂತ ಇತ್ತು, ಈಗ ಅರ್ಧ ಸತ್ತಿದೆ" ಅಂದರು. ಇನ್ನೊಬ್ಬರು "ಅದು ಇದಲ್ಲ, ಇದು ಬೇರೆ ಹವಳ" ಅಂದರು. ರಾತ್ರಿಯೆಲ್ಲ ವಾದ ನಡೆಯಿತು. ಇಷ್ಟು ವಿಡಿಯೋ ಇಟ್ಟುಕೊಂಡೂ ಇಷ್ಟು ಸಣ್ಣ ಪ್ರಶ್ನೆಗೆ ಉತ್ತರ ಸಿಗಲಿಲ್ಲ ಅನ್ನುವುದು ನನ್ನ ತಲೆಯಲ್ಲಿ ಕೂತುಬಿಟ್ಟಿದೆ.

ಕೇಳಬೇಕಾಗಿದ್ದು ಇಷ್ಟು. ಈ ವಿಡಿಯೋಗಳಿಂದ ಹವಳದ ದಿಬ್ಬದ ನಕ್ಷೆ ಮಾಡಲು ಆಗುತ್ತಾ? ಆಗದಿದ್ದರೆ ಮುಂದಿನ ಸೀಸನ್ನಿನಿಂದ ಹೇಗೆ ತೆಗೆಯಬೇಕು? ಮತ್ತೆ, ಮಾಡಿದ ಮೇಲೆ ಅದು ಯಾರಿಗಾದರೂ ಉಪಯೋಗಕ್ಕೆ ಬರುತ್ತಾ?

ಡ್ರೋನ್_ಸರ್ವೆ_ಶಿರಸಿ
ಧಾರಾಳವಾಗಿ ಆಗುತ್ತೆ. ನಾವು ಕ್ವಾರಿ, ತೋಟಗಳ ಸರ್ವೆಗೆ ಡ್ರೋನ್ ಹಾರಿಸಿ ಮಾಡುವುದೂ ಇದೇ ಕೆಲಸ. ಫೋಟೋಗ್ರಾಮೆಟ್ರಿ ಅಂತಾರೆ. ಒಂದೇ ಜಾಗದ ಬೇರೆ ಬೇರೆ ಕೋನದ ಫೋಟೋಗಳಲ್ಲಿ ಒಂದೇ ಚುಕ್ಕೆ ಎಲ್ಲೆಲ್ಲಿ ಬಂದಿದೆ ಅಂತ ಸಾಫ್ಟ್‌ವೇರ್ ಹುಡುಕುತ್ತೆ, ಅದರಿಂದ ಕ್ಯಾಮೆರಾ ಎಲ್ಲಿತ್ತು, ಆ ಚುಕ್ಕೆ ಎಷ್ಟು ದೂರದಲ್ಲಿತ್ತು ಎರಡನ್ನೂ ಲೆಕ್ಕ ಹಾಕುತ್ತೆ. ಕೊನೆಗೆ ಮೂರು ಆಯಾಮದ ಮಾದರಿ ಸಿಗುತ್ತೆ, ಮೇಲಿನಿಂದ ನೇರವಾಗಿ ನೋಡಿದಂಥ ಒಂದೇ ದೊಡ್ಡ ಚಿತ್ರವೂ ಸಿಗುತ್ತೆ. ಈ ಕೆಲಸದ ಸಾಫ್ಟ್‌ವೇರ್‌ಗಳಲ್ಲಿ ಮೆಟಾಶೇಪ್‌ಗೆ ದುಡ್ಡು ಕೊಡಬೇಕು. ಕೋಲ್‌ಮ್ಯಾಪ್, ವೆಬ್‌ಓಡಿಎಂ ಪುಕ್ಕಟೆ.

ಪಕ್ಕಪಕ್ಕದ ಫೋಟೋಗಳು ಒಂದರ ಮೇಲೊಂದು 70–80% ಹೊಂದಿಕೊಳ್ಳಬೇಕು, ಅದು ಮುಖ್ಯ. ಮೀನಿನ ಹಿಂದೆ ಓಡುತ್ತಾ ತೆಗೆದ ವಿಡಿಯೋದಲ್ಲಿ ಅದು ಸಿಗಲ್ಲ.

ಸುಮ್ನೆ_ಓದುಗ
ನೇತ್ರಾಣಿಯಲ್ಲಿ ಹವಳ ಇದೆ ಅಂತಾನೇ ಇವತ್ತು ಗೊತ್ತಾಯ್ತು. ಮುಂದುವರಿಸಿ.

ಮತ್ಸ್ಯಶಾಸ್ತ್ರ
ಡ್ರೋನ್ ಸರ್ ಹೇಳಿದ್ದು ಸರಿ, ಆದ್ರೆ ನೆಲದ ಮೇಲಿನ ಅನುಭವ ನೀರೊಳಗೆ ಅರ್ಧ ಮಾತ್ರ ಕೆಲಸಕ್ಕೆ ಬರುತ್ತೆ. ನೀರಿನ ಕೆಳಗೆ ಜಿಪಿಎಸ್ ಇಲ್ಲ. ಹಾಗಾಗಿ ಮಾದರಿ ಎಷ್ಟೇ ಚೆಂದ ಬಂದರೂ ಅಳತೆ ಗೊತ್ತಾಗಲ್ಲ, ಆ ಹವಳ 30 ಸೆಂಟಿಮೀಟರ್ರೋ 3 ಮೀಟರ್ರೋ ಅಂತ ಹೇಳೋಕಾಗಲ್ಲ. ಉದ್ದ ಗೊತ್ತಿರುವ ಅಳತೆ ಪಟ್ಟಿಗಳನ್ನು ಕೆಳಗೆ ಮರಳಿನ ಮೇಲೆ ಇಟ್ಟು, ಫ್ರೇಮಿನಲ್ಲಿ ಬರುವ ಹಾಗೆ ನೋಡಿಕೊಳ್ಳಬೇಕು. ಹವಳದ ಮೇಲೆ ಇಡಬೇಡಿ.

ಬಣ್ಣದ್ದು ಇನ್ನೊಂದು ಕಥೆ. ಕೆಂಪು ಬೆಳಕನ್ನು ನೀರು ಮೊದಲ ಕೆಲವು ಮೀಟರ್‌ಗಳಲ್ಲೇ ನುಂಗಿಬಿಡುತ್ತೆ. ಹತ್ತು ಮೀಟರ್ ಕೆಳಗೆ ಎಲ್ಲವೂ ನೀಲಿ-ಹಸಿರು. ಆಮೇಲೆ ಮನೆಯಲ್ಲಿ ಕೂತು ಫಿಲ್ಟರ್ ಹಾಕಿ ಚೆಂದ ಮಾಡಿದ ವಿಡಿಯೋದಲ್ಲಿ ಹವಳ ಬಿಳಿಚಿದೆಯಾ ಇಲ್ವಾ ಅಂತ ಯಾರೂ ಹೇಳೋಕಾಗಲ್ಲ. ದಯವಿಟ್ಟು ಮೂಲ ಫೈಲ್ ಹಾಗೇ ಉಳಿಸಿ. ಕ್ಯಾಮೆರಾದ ತಾರೀಕು ಸರಿ ಇದೆಯಾ ನೋಡಿಕೊಳ್ಳಿ. ಬ್ಯಾಟರಿ ಪೂರ್ತಿ ಖಾಲಿಯಾದ್ರೆ ಕೆಲವು ಕ್ಯಾಮೆರಾಗಳಲ್ಲಿ ತಾರೀಕು ಹಿಂದಕ್ಕೆ ಹೋಗುತ್ತೆ. ಆಮೇಲೆ ಯಾವ ವರ್ಷದ್ದು ಅಂತಾನೇ ತಿಳಿಯಲ್ಲ.

ಕೋಡ್_ಕಾಫಿ
ಇಷ್ಟೆಲ್ಲ ಕಷ್ಟ ಯಾಕೆ? ಎಲ್ಲ ವಿಡಿಯೋಗಳನ್ನೂ ಎಐಗೆ ಕೊಡಿ. ಹವಳ ಯಾವುದು, ಕಲ್ಲು ಯಾವುದು, ಸತ್ತದ್ದು ಯಾವುದು ಅಂತ ಅದೇ ಹೇಳುತ್ತೆ. ಕೋರಲ್‌ನೆಟ್ ಅಂತ ಪುಕ್ಕಟೆ ಸೌಲಭ್ಯ ಇದೆಯಲ್ಲ.

ಮತ್ಸ್ಯಶಾಸ್ತ್ರ
ಇದೆ, ನಾವೂ ಬಳಸ್ತೀವಿ. ಫೋಟೋದ ಮೇಲೆ ಚುಕ್ಕೆಗಳನ್ನು ಹಾಕಿ, ಪ್ರತಿ ಚುಕ್ಕೆಯ ಕೆಳಗೆ ಏನಿದೆ ಅಂತ ಊಹಿಸುತ್ತೆ. ಆದ್ರೆ ಮೊದಲು ಮನುಷ್ಯರು ಕೂತು ನೂರಾರು ಫೋಟೋಗಳಿಗೆ ಹೆಸರು ಕೊಟ್ಟು ಕಲಿಸಬೇಕು. ಪೆಸಿಫಿಕ್ಕಿನ ತಿಳಿನೀರಿನ ಫೋಟೋ ನೋಡಿ ಕಲಿತದ್ದು ನಮ್ಮ ಕಲಕುನೀರಿನಲ್ಲಿ ತಪ್ಪುತ್ತೆ. ಸತ್ತ ಹವಳದ ಮೇಲೆ ಕೆಲವೇ ವಾರದಲ್ಲಿ ಪಾಚಿ ಹತ್ತಿ ಕಂದು ಬಣ್ಣ ಬರುತ್ತೆ. ಜೀವಂತ ಹವಳವೂ ಕಂದೇ. ಮಸುಕು ಫೋಟೋದಲ್ಲಿ ಇವೆರಡನ್ನೂ ಬೇರೆ ಮಾಡೋಕೆ ನಮ್ಮ ಪ್ರೊಫೆಸರ್‌ಗಳೇ ಕನ್ನಡಕ ಒರೆಸಿಕೊಂಡು ಎರಡು ಸಲ ನೋಡ್ತಾರೆ.

ಕೋಡ್_ಕಾಫಿ
ಅಂದ್ರೆ ನಮ್ಮ ಕರಾವಳಿಯ ಫೋಟೋಗಳದ್ದೇ ಒಂದು ಸಂಗ್ರಹ ಬೇಕು. ಹೆಸರು ಕೊಡುವ ಕೆಲಸಕ್ಕೆ ನಾಲ್ಕು ಜನ ಸಿಕ್ಕರೆ ಮಿಕ್ಕಿದ್ದು ನಾನು ಮಾಡಿಕೊಡ್ತೀನಿ. ನಿಜವಾಗಿಯೂ ಹೇಳ್ತಿದ್ದೀನಿ.

ಟೌನ್ಸ್‌ವಿಲ್_ಕನ್ನಡತಿ
ಆಸ್ಟ್ರೇಲಿಯಾದಿಂದ ಬರೀತಿದ್ದೀನಿ. ಊರು ಕುಂದಾಪುರ. ಇಲ್ಲಿ ಗ್ರೇಟ್ ಬ್ಯಾರಿಯರ್ ರೀಫಿನ ಫೋಟೋಗಳ ಮೇಲೆಯೇ ನನ್ನ ಕೆಲಸ. ನೇತ್ರಾಣಿ ಹೆಸರು ನೋಡಿ ಖುಷಿಯಾಯ್ತು, ಸ್ವಲ್ಪ ಉದ್ದ ಬರೀತೀನಿ.

ಕಡಲಂಚು ಅವರೇ, ದ್ವೀಪದ ಸುತ್ತ ಪೂರ್ತಿ ನಕ್ಷೆ ಮಾಡುವ ಆಸೆ ಸದ್ಯಕ್ಕೆ ಬಿಡಿ. 10 ಮೀಟರ್ × 10 ಮೀಟರ್ ಜಾಗ ಒಂದೇ ಒಂದು ಆರಿಸಿಕೊಳ್ಳಿ. ಅಮೆರಿಕದ ಸ್ಕ್ರಿಪ್ಸ್ ಸಾಗರ ಸಂಶೋಧನಾ ಸಂಸ್ಥೆಯ 100 ಐಲ್ಯಾಂಡ್ ಚಾಲೆಂಜ್‌ನವರು ಪ್ರಪಂಚದ ಎಷ್ಟೋ ದ್ವೀಪಗಳಲ್ಲಿ ಮಾಡುವುದೂ ಇಷ್ಟೇ ಅಳತೆಯ ಚೌಕ. ಕ್ಯಾಮೆರಾ ನೆಟ್ಟಗೆ ಕೆಳಗೆ ನೋಡಬೇಕು. ತಳದಿಂದ ಒಂದೂವರೆ ಮೀಟರ್ ಮೇಲೆ ಇದ್ದುಕೊಂಡು, ಗದ್ದೆ ಉಳುವ ಹಾಗೆ ಸಾಲು ಹಿಡಿದು ಹೋಗಿ ಬನ್ನಿ. ಸೆಕೆಂಡಿಗೊಂದು ಫೋಟೋ. ಒಂದು ದಿಕ್ಕಿನಲ್ಲಿ ಮುಗಿದ ಮೇಲೆ ಅಡ್ಡ ದಿಕ್ಕಿನಲ್ಲಿ ಇನ್ನೊಮ್ಮೆ. ಎರಡು-ಮೂರು ಸಾವಿರ ಫೋಟೋ ಆಗುತ್ತೆ. ಗೋಪ್ರೋ ಆದ್ರೆ ಅಗಲ ಕೋನ ಬೇಡ, ಅಂಚು ಬಾಗುತ್ತೆ. ವಿಡಿಯೋಗಿಂತ ಫೋಟೋ ಒಳ್ಳೆಯದು.

ನೀರು ಕಲಕಾಗಿದ್ರೆ ಇನ್ನೂ ಕೆಳಗಿಳಿಯಿರಿ, ಸಾಲುಗಳನ್ನು ಹತ್ತಿರ ಮಾಡಿ. ಸೆಳೆತ ಜೋರಿದ್ರೆ ಆವತ್ತು ಮಾಡಬೇಡಿ. ಕ್ಯಾಮೆರಾ ಹಿಡಿದವರ ಗಮನ ಪೂರ್ತಿ ಫೋಟೋ ಮೇಲಿರುತ್ತೆ, ಹಾಗಾಗಿ ಸಿಲಿಂಡರಿನ ಗಾಳಿಯ ಮೀಟರ್ ನೋಡಿಕೊಳ್ಳೋಕೆ ಜೊತೆಗೊಬ್ಬರು ಇರಲೇಬೇಕು.

ಆಮೇಲೆ ಅದೇ ಚೌಕಕ್ಕೆ ವಾಪಸ್ ಬನ್ನಿ. ಮುಂದಿನ ವರ್ಷ, ಅದರ ಮುಂದಿನ ವರ್ಷ. ಎರಡು ವರ್ಷದ ಚಿತ್ರಗಳನ್ನು ಒಂದರ ಮೇಲೊಂದು ಕೂರಿಸಿದಾಗ ಒಂದೊಂದು ಹವಳದ ಅಂಚೂ ಕಾಣುತ್ತೆ. ಇಲ್ಲಿ ನಾಲ್ಕು ಬೆರಳು ಬೆಳೆದಿದೆ, ಅಲ್ಲಿ ನೆತ್ತಿ ಸತ್ತು ಪಾಚಿ ಕೂತಿದೆ, ಈ ಮೂಲೆಯಲ್ಲಿ ಬೆರಳುಗುರಿನಷ್ಟು ಹೊಸ ಮರಿ ಬಂದಿದೆ. ನನಗೆ ಈ ಕೆಲಸದಲ್ಲಿ ಅತಿ ಇಷ್ಟದ ಗಳಿಗೆ ಅಂದ್ರೆ ಅದೇ.

ಇಲ್ಲಿನ ಸಮುದ್ರ ವಿಜ್ಞಾನ ಸಂಸ್ಥೆ ಐಮ್ಸ್‌ನವರು 1980ರ ದಶಕದಿಂದ ರೀಫ್ ನೋಡ್ತಿದ್ದಾರೆ. ಶುರುವಿನಲ್ಲಿ ಡಿಜಿಟಲ್ ಕ್ಯಾಮೆರಾ ಎಲ್ಲಿತ್ತು? ಹಲಗೆ ಹಿಡಿದ ಈಜುಗಾರನನ್ನು ದೋಣಿ ಎಳೆದುಕೊಂಡು ಹೋಗೋದು, ಎರಡು ನಿಮಿಷಕ್ಕೊಮ್ಮೆ ನಿಲ್ಲಿಸಿ ಕಂಡದ್ದನ್ನು ಬರೆದುಕೊಳ್ಳೋದು. ಆ ಪದ್ಧತಿ ಇವತ್ತಿಗೂ ಇದೆ. ಆ ಹಳೆಯ ದಾಖಲೆ ಬಿಟ್ಟುಕೊಡದೆ ಮುಂದುವರಿಸಿದ್ದಕ್ಕೇ ಇವತ್ತು ಏನು ಕಳೆದುಕೊಂಡ್ವಿ ಅಂತ ಖಚಿತವಾಗಿ ಹೇಳೋಕಾಗ್ತಿದೆ.

ತಾಂಡೇಲರ_ಮನೆ
ನಾನು ಭಟ್ಕಳದ ಕಡೆಯವ. ನಮ್ಮದು ಮೀನುಗಾರಿಕೆ. ಓದಿ ಸಂತೋಷ ಆಯ್ತು, ಆದ್ರೆ ಒಂದು ಮಾತು ಕೇಳಬೇಕು. ಈ ನಕ್ಷೆ ಕೊನೆಗೆ ಯಾರ ಕೈಗೆ ಹೋಗುತ್ತೆ ಮಾರಾಯ್ರೆ? ನಾಳೆ ಯಾರೋ ಬಂದು "ಇಲ್ಲಿ ಹವಳ ಇದೆ, ಮೀನು ಹಿಡಿಯಬೇಡಿ" ಅಂದ್ರೆ ನಾವೆಲ್ಲಿಗೆ ಹೋಗೋದು? ನಮ್ಮ ಹಿರಿಯರು ನೇತ್ರಾಣಿ ಗುಡ್ಡಕ್ಕೆ ಹರಕೆ ಹೊತ್ತುಕೊಂಡು ಬಂದವರು. ಗಾಳ ಹಾಕಿ ಮುರು ಮೀನು ಹಿಡಿಯುವವನು ಹವಳ ಮುರಿಯಲ್ಲ. ಡೈವಿಂಗ್ ಬೋಟಿನವರು ಹವಳದ ಮೇಲೆ ಆಂಕರ್ ಬಿಡುವುದನ್ನು ನನ್ನ ಕಣ್ಣಾರೆ ನೋಡಿದ್ದೇನೆ. ನೌಕಾಪಡೆಯವರು ಆ ಗುಡ್ಡವನ್ನೇ ಗುರಿ ಮಾಡಿ ಹೊಡೆದು ಅಭ್ಯಾಸ ಮಾಡ್ತಿದ್ದಾಗ ನಕ್ಷೆ ಮಾಡುವವರು ಎಲ್ಲಿದ್ರು?

ಕಡಲಂಚು
ಅಣ್ಣ, ನೀವು ಹೇಳಿದ್ದು ಮನಸ್ಸಿಗೆ ತಟ್ಟಿತು. ಆಂಕರ್ ವಿಷಯ ನಿಜ. ಹೊಸಬರನ್ನು ಕರೆತಂದು ಫೋಟೋಗೋಸ್ಕರ ಹವಳದ ಮೇಲೆ ನಿಲ್ಲಿಸಿದ್ದನ್ನು ನಾವೂ ನೋಡಿದ್ದೀವಿ, ಜಗಳವೂ ಆಡಿದ್ದೀವಿ. ಆದ್ರೆ ನಕ್ಷೆ ಇದ್ರೆ ಅದನ್ನೇ ತೋರಿಸಿ ಕೇಳಬಹುದಲ್ವಾ? "ಈ ಚೌಕದಲ್ಲಿ ಇಷ್ಟು ಹವಳ ಮುರಿದಿದೆ, ಇಲ್ಲಿ ಆಂಕರ್ ಎಳೆದ ಗೆರೆ ಇದೆ, ಬೋಟು ಕಟ್ಟೋಕೆ ಕಾಯಂ ಬೋಯೆ (ತೇಲುವ ಬುರುಡೆ) ಹಾಕಿಕೊಡಿ" ಅಂತ.

ತಾಂಡೇಲರ_ಮನೆ
ಹಾಗಾದ್ರೆ ಜಾಗ ಆರಿಸುವಾಗ ನಮ್ಮವರನ್ನೂ ಕೇಳಿ. ಎಲ್ಲಿ ಕಲ್ಲು, ಎಲ್ಲಿ ಮರಳು, ಎಲ್ಲಿ ಬಲೆ ಸಿಕ್ಕಿ ಹರಿಯುತ್ತೆ ಅಂತ ನಮಗೆ ಗೊತ್ತು. ಹರಿದ ಟ್ರಾಲ್ ಬಲೆ ಕೆಳಗೆ ಕಲ್ಲಿಗೆ ಸುತ್ತಿಕೊಂಡು ವರ್ಷಗಟ್ಟಲೆ ಬಿದ್ದಿರುವ ಜಾಗವೂ ಗೊತ್ತು.

ಟೌನ್ಸ್‌ವಿಲ್_ಕನ್ನಡತಿ
ಇದು ಬಹಳ ದೊಡ್ಡ ಮಾತು ಅಣ್ಣ. ಕಡಲಂಚು, ಇವರ ಜೊತೆ ಮಾತಾಡದೆ ಚೌಕ ಹಾಕಬೇಡಿ.

ಹಂಪನಕಟ್ಟೆ_ಹುಡುಗ
ಉಪಗ್ರಹ ಚಿತ್ರ ಸಾಲಲ್ವಾ? ಅಲೆನ್ ಕೋರಲ್ ಅಟ್ಲಾಸ್‌ನಲ್ಲಿ ಇಡೀ ಪ್ರಪಂಚದ ಹವಳದ ದಿಬ್ಬಗಳ ನಕ್ಷೆ ಇದೆ. 2021ರಲ್ಲೇ ಮುಗಿಸಿದ್ದಾರೆ.

ಮತ್ಸ್ಯಶಾಸ್ತ್ರ
ಲಕ್ಷದ್ವೀಪದಂಥ ಕಡೆ ಅದು ತುಂಬಾ ಚೆನ್ನಾಗಿದೆ. ನೀರು ತಿಳಿ, ಹವಳದ ದಿಬ್ಬದ ಒಳಗಿನ ಕೊಳ, ಅಂದ್ರೆ ಲಗೂನ್, ಆಳ ಕಮ್ಮಿ. ಉಪಗ್ರಹ ನೋಡುವುದು ಹತ್ತು-ಹದಿನೈದು ಮೀಟರ್ ಆಳದವರೆಗೆ, ಅದೂ ನೀರು ತಿಳಿ ಇದ್ರೆ. ನೇತ್ರಾಣಿ ಸಣ್ಣ ಗುಡ್ಡ. ಅಂಚು ಕಡಿದಾಗಿ ಇಳಿಯುತ್ತೆ, ಹವಳ ಬಂಡೆಗಳ ಮೇಲೆ ಅಲ್ಲಲ್ಲಿ ಕೂತಿದೆ. ಅದಕ್ಕೆ ಉಪಗ್ರಹ ಸಾಲಲ್ಲ, ಇಳಿದೇ ನೋಡಬೇಕು.

ಉಪಗ್ರಹದ ಉಪಯೋಗ ಬೇರೆ ಕಡೆ ಇದೆ. ನೀರಿನ ಬಿಸಿ ಅಳೆಯೋಕೆ. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್‌ನವರು ಸಮುದ್ರದ ಮೇಲ್ಮೈ ತಾಪಮಾನ ನೋಡಿ ಹವಳ ಬಿಳಿಚುವ ಮುನ್ನೆಚ್ಚರಿಕೆ ಕೊಡ್ತಾರೆ. ಅಮೆರಿಕದ ಸಾಗರ-ಹವಾಮಾನ ಸಂಸ್ಥೆ ನೋವಾದ್ದೂ ಇದೆ. ಆ ಜಾಗದಲ್ಲಿ ಮಾಮೂಲಿ ಬೇಸಿಗೆಯ ಗರಿಷ್ಠಕ್ಕಿಂತ ಒಂದು ಡಿಗ್ರಿ ಅಥವಾ ಅದಕ್ಕಿಂತ ಜಾಸ್ತಿ ಬಿಸಿ ಇದ್ದ ವಾರಗಳಲ್ಲಿ ಎಷ್ಟೆಷ್ಟು ಡಿಗ್ರಿ ಜಾಸ್ತಿ ಇತ್ತು ಅಂತ ಹನ್ನೆರಡು ವಾರದ ಲೆಕ್ಕ ಕೂಡಿಸ್ತಾರೆ. ಆ ಮೊತ್ತ 4 ದಾಟಿದ್ರೆ ಬಿಳಿಚುವ ಸಾಧ್ಯತೆ ಜಾಸ್ತಿ, 8 ದಾಟಿದ್ರೆ ತೀವ್ರವಾಗಿ ಬಿಳಿಚಿ ಸಾಯುವ ಸಾಧ್ಯತೆ.

ಹಂಪನಕಟ್ಟೆ_ಹುಡುಗ
ಸರಿ, ಅರ್ಥವಾಯ್ತು. ಲಕ್ಷದ್ವೀಪ ಅಂದಾಗ ನೆನಪಾಯ್ತು. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾಟ್, ಬಿತ್ರ ಎಲ್ಲ 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದವು! ಈಗಲೂ ಮಂಗಳೂರಿನ ಹಳೇ ಬಂದರಿಗೆ ಅಲ್ಲಿನ ಮಂಜಿಗಳು (ಸರಕು ದೋಣಿಗಳು) ಬರುತ್ತವೆ. ಜಲ್ಲಿ, ಸಿಮೆಂಟು, ತರಕಾರಿ ತುಂಬಿಕೊಂಡು ಹೋಗ್ತಾರೆ. ನಮ್ಮ ಅಜ್ಜನಿಗೆ ಅಲ್ಲಿನ ವ್ಯಾಪಾರಿಗಳ ಪರಿಚಯ ಇತ್ತು, ಅವರು ತರುತ್ತಿದ್ದ ಒಣ ಮಾಸ್ ಮೀನಿನ ರುಚಿ ಇನ್ನೂ ನೆನಪಿದೆ.

ಸುಮ್ನೆ_ಓದುಗ
ಮಾಸ್ ಚಟ್ನಿಗೆ ಗಂಜಿ ಇರಬೇಕು.

ಮತ್ಸ್ಯಶಾಸ್ತ್ರ
ಅದೇ ದ್ವೀಪಗಳ ಒಂದು ಲೆಕ್ಕ ಹೇಳ್ತೀನಿ. ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಷನ್‌ನವರು 1998ರಿಂದ ಅಗತ್ತಿ, ಕಡಮತ್, ಕವರತ್ತಿಗಳ ಹವಳ ನೋಡಿಕೊಂಡು ಬಂದಿದ್ದಾರೆ. ಆಗ ಸುಮಾರು 37% ಇದ್ದ ಜೀವಂತ ಹವಳದ ಹೊದಿಕೆ 2022ರ ಹೊತ್ತಿಗೆ ಸುಮಾರು 19%ಗೆ ಇಳಿದಿತ್ತು. 1998, 2010, 2016, ಮೂರು ಸಲ ದೊಡ್ಡ ಬಿಸಿ ಬಂತು. ಗಮನಿಸಬೇಕಾದ್ದು ಏನಂದ್ರೆ, ಪ್ರತಿ ಸಲ ಸಾಯುವ ಪ್ರಮಾಣ ಹಿಂದಿನ ಸಲಕ್ಕಿಂತ ಕಮ್ಮಿಯಾಗ್ತಾ ಬಂತು. ಆದ್ರೂ ಒಟ್ಟು ಹವಳ ಇಳೀತಾನೇ ಹೋಯ್ತು. ಬಿಳಿಚದೆ ಆರು ವರ್ಷ ಕಳೆದ ಮೇಲಷ್ಟೇ ಚೇತರಿಕೆ ಚುರುಕಾಗೋದು, ಅಷ್ಟು ಬಿಡುವು ಈಗ ಸಿಗ್ತಿಲ್ಲ. ಇಂಥದ್ದು ಒಂದು ಸಲದ ಫೋಟೋದಲ್ಲಿ ಗೊತ್ತಾಗುತ್ತಾ? ಇಪ್ಪತ್ತನಾಲ್ಕು ವರ್ಷ ಅದೇ ಜಾಗಕ್ಕೆ ಹೋಗಿದ್ದಕ್ಕೆ ಗೊತ್ತಾಯ್ತು.

ಆಮೇಲೆ 2023ರ ಅಕ್ಟೋಬರ್ ಕೊನೆಯಿಂದ ಅಲ್ಲಿ ಮತ್ತೆ ಬಿಸಿ ಶುರುವಾಯ್ತು. 2024ರ ಮೇನಲ್ಲಿ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯಾದ ಸಿಎಂಎಫ್‌ಆರ್‌ಐನವರು ಲಕ್ಷದ್ವೀಪದಲ್ಲಿ ಹವಳ ತೀವ್ರವಾಗಿ ಬಿಳಿಚಿದೆ ಅಂತ ಹೇಳಿದ್ರು.

ಬಿಸಿಲು_ಮಳೆ
ಬಿಳಿಚಿದ್ರೆ ಸತ್ತಂಗಾ?

ಮತ್ಸ್ಯಶಾಸ್ತ್ರ
ಇಲ್ಲ, ತಕ್ಷಣಕ್ಕೆ ಅಲ್ಲ. ಹವಳದ ಜೀವಿಯ ಮೈಯೊಳಗೆ ಸಣ್ಣ ಪಾಚಿ ಇರುತ್ತೆ, ಊಟ ಮಾಡಿಕೊಡುವುದು ಅದೇ, ಬಣ್ಣ ಕೊಡುವುದೂ ಅದೇ. ಬಿಸಿ ಜಾಸ್ತಿಯಾದಾಗ ಹವಳ ಅದನ್ನು ಹೊರಗೆ ಹಾಕುತ್ತೆ. ಆಗ ಪಾರದರ್ಶಕ ಮೈ ಕೆಳಗಿನ ಬಿಳಿ ಸುಣ್ಣದ ಅಸ್ಥಿ ಕಾಣುತ್ತೆ. ಕೆಲವು ವಾರದೊಳಗೆ ನೀರು ತಣ್ಣಗಾದ್ರೆ ಬದುಕಿಕೊಳ್ಳುತ್ತೆ, ಇಲ್ಲದಿದ್ರೆ ಹಸಿದು ಸಾಯುತ್ತೆ.

ಬಿಳಿ ಕಂಡದ್ದೆಲ್ಲ ಬಿಳಿಚಿದ್ದೂ ಅಲ್ಲ. ಕೊಂಬೆ ಹವಳದ ತುದಿ ಬೆಳೆಯುವಾಗ ಬೆಳ್ಳಗೇ ಇರುತ್ತೆ. ಮುಳ್ಳಿನ ನಕ್ಷತ್ರ ಮೀನು ತಿಂದು ಹೋದ ಜಾಗವೂ ಬಿಳಿ. ಹತ್ತಿರದಿಂದ ಒಂದು ಫೋಟೋ ಬೇಕು ಅನ್ನೋದು ಇದಕ್ಕೇ.

ಟೌನ್ಸ್‌ವಿಲ್_ಕನ್ನಡತಿ
ಬಣ್ಣಕ್ಕೆ ಒಂದು ಅಗ್ಗದ ಉಪಾಯ ಇದೆ. ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಕೋರಲ್‌ವಾಚ್‌ನವರು 2002ರಲ್ಲಿ ಮಾಡಿದ ಬಣ್ಣದ ಕಾರ್ಡು. ಹವಳದ ಪಕ್ಕ ಹಿಡಿದು, 1ರಿಂದ 6ರವರೆಗೆ ಯಾವ ಛಾಯೆಗೆ ಹೊಂದುತ್ತೆ ಅಂತ ಬರೆದುಕೊಳ್ಳೋದು ಅಷ್ಟೇ. ಅದೇ ಹವಳ ಎರಡು ಅಂಕ ಇಳಿದ್ರೆ ಬಿಳಿಚ್ತಿದೆ ಅಂತ ಅರ್ಥ. ಕಾರ್ಡು ಫೋಟೋದೊಳಗೇ ಬಂದ್ರೆ ಕ್ಯಾಮೆರಾ ಮಾಡಿದ ಬಣ್ಣದ ಎಡವಟ್ಟೂ ಆಮೇಲೆ ತಿಳಿಯುತ್ತೆ.

ನೀರಿನಾಳ
ಮುರ್ಡೇಶ್ವರದಲ್ಲಿ ಡೈವಿಂಗ್ ಗೈಡ್ ಆಗಿ ಕೆಲಸ ಮಾಡ್ತೀನಿ. ಇಲ್ಲಿಯವರೆಗೆ ಯಾರೂ ಹೇಳದ ಒಂದು ವಿಷಯ ಇದೆ. ನಮ್ಮಲ್ಲಿ ನೀರು ಅತಿ ಬಿಸಿ ಇರುವುದು ಏಪ್ರಿಲ್-ಮೇ. ಮೇ ಕೊನೆಗೆ ಡೈವಿಂಗ್ ನಿಲ್ಲುತ್ತೆ. ಜೂನ್‌ನಿಂದ ಮಳೆಗಾಲ, ಕಡಲು ಬಿಚ್ಚುವುದು ಸೆಪ್ಟೆಂಬರ್ ಕಳೆದ ಮೇಲೆಯೇ. ಅಂದ್ರೆ ಹವಳ ಬಿಳಿಚಿ ಸಾಯುತ್ತಾ, ಉಳಿಯುತ್ತಾ ಅಂತ ತೀರ್ಮಾನ ಆಗುವ ನಾಲ್ಕು ತಿಂಗಳು ನಾವ್ಯಾರೂ ಕೆಳಗೆ ಇರುವುದೇ ಇಲ್ಲ. ಜನ ಎಲ್ಲ ಬರುವುದು ಡಿಸೆಂಬರ್-ಜನವರಿಯಲ್ಲಿ, ನೀರು ತಿಳಿ ಇದ್ದಾಗ. ಫೋಟೋ ಚೆನ್ನಾಗಿ ಬರುತ್ತೆ. ಆದ್ರೆ ಆಗ ನೋಡಿದ್ರೆ ಸತ್ತದ್ದು ಯಾವಾಗ, ಯಾಕೆ ಅಂತ ಹೇಗೆ ತಿಳಿಯುತ್ತೆ? ಬಿಸಿಗೋ, ಮಳೆಗಾಲದ ಕೆಸರಿಗೋ, ಅಲೆಯ ಹೊಡೆತಕ್ಕೋ?

ನನ್ನ ಕೇಳಿದ್ರೆ ಮುಖ್ಯವಾದ ಎರಡು ಡೈವ್ ಅಂದ್ರೆ ಮೇ ತಿಂಗಳ ಕೊನೆಯದ್ದು, ಮಳೆಗಾಲ ಮುಗಿದ ಮೇಲಿನ ಮೊದಲನೆಯದ್ದು. ನೀರು ಕಲಕು ಇದ್ರೂ ಪರವಾಗಿಲ್ಲ, ಆ ಎರಡು ಬಿಡಬೇಡಿ.

ಮತ್ಸ್ಯಶಾಸ್ತ್ರ
ಈ ಚರ್ಚೆಯಲ್ಲಿ ಅತಿ ಒಳ್ಳೆಯ ಮಾತು ಇದು. ಇದರ ಜೊತೆ ಒಂದು ತಾಪಮಾನ ದಾಖಲಿಸುವ ಲಾಗರ್ ಕೆಳಗೆ ಕಟ್ಟಿಬಿಟ್ರೆ ಮಳೆಗಾಲ ಪೂರ್ತಿ ಅದು ಅಳೆಯುತ್ತೆ. ಬೆರಳುದ್ದದ ಸಾಧನ, ಬ್ಯಾಟರಿ ವರ್ಷಗಟ್ಟಲೆ ಬರುತ್ತೆ. ಉಪಗ್ರಹ ಹೇಳುವುದು ಮೇಲ್ಮೈ ಬಿಸಿ ಮಾತ್ರ. ಹತ್ತು ಮೀಟರ್ ಕೆಳಗೆ ಎಷ್ಟಿತ್ತು ಅಂತ ಇದು ಹೇಳುತ್ತೆ.

ಆದ್ರೆ ಅನುಮತಿ ಇಲ್ಲದೆ ಏನನ್ನೂ ಕಟ್ಟಬೇಡಿ, ಮೊಳೆ ಹೊಡೆಯಬೇಡಿ. ಹವಳ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಶೆಡ್ಯೂಲ್ 1ರಲ್ಲಿದೆ, ಹುಲಿ-ಆನೆಗಳ ಸಾಲಿನಲ್ಲಿ. ಅರಣ್ಯ ಇಲಾಖೆಗೆ ಒಂದು ಅರ್ಜಿ ಕೊಡಿ, ಕಾರವಾರದಲ್ಲೋ ಮಂಗಳೂರಲ್ಲೋ ಸಿಎಂಎಫ್‌ಆರ್‌ಐ ಕೇಂದ್ರದವರನ್ನು ಜೊತೆಗೆ ಸೇರಿಸಿಕೊಳ್ಳಿ.

ಡ್ರೋನ್_ಸರ್ವೆ_ಶಿರಸಿ
ಮೊಳೆ ಇಲ್ಲದೆ ಅದೇ ಚೌಕ ಮತ್ತೆ ಹೇಗೆ ಸಿಗುತ್ತೆ? ಬೋಟಿನ ಜಿಪಿಎಸ್ ನಾಲ್ಕೈದು ಮೀಟರ್ ಆಚೀಚೆ ಇರುತ್ತೆ.

ನೀರಿನಾಳ
ಬಂಡೆಯ ಗುರುತಿನಿಂದ. ನಾವು ಗೈಡ್‌ಗಳು ಹಾಗೇ ಹೋಗೋದು. ಒಂದು ಸೀಳು ಬಂಡೆ ಇರುತ್ತೆ, ಅದರ ಬಲಕ್ಕೆ ಇಳಿದ್ರೆ ಉಂಡೆ ಹವಳ.

ಟೌನ್ಸ್‌ವಿಲ್_ಕನ್ನಡತಿ
ಹೌದು. ಕಡಲಂಚು, ನಿಮ್ಮ ಹಳೆಯ ವಿಡಿಯೋಗಳಿಗೂ ದಾರಿ ಇದರಲ್ಲೇ ಇದೆ. ಉಂಡೆ ಹವಳ ಪೊರೈಟಿಸ್ ಜಾತಿಯದ್ದಾದ್ರೆ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಅಷ್ಟೇ ಬೆಳೆಯೋದು. ಅದರ ಉಬ್ಬು ತಗ್ಗು, ಪಕ್ಕದ ಬಂಡೆಯ ಬಿರುಕು ಹತ್ತು ವರ್ಷವಾದ್ರೂ ಹಾಗೇ ಇರುತ್ತೆ. ಹಳೆ ಕ್ಲಿಪ್ಪಿನಲ್ಲಿ ಬಂಡೆಯ ಬಿರುಕು ನೋಡಿ, ಹವಳ ನೋಡಬೇಡಿ. ಬಿರುಕು ಹೊಂದಿದ್ರೆ ಅದೇ ಹವಳ. ಕೊಂಬೆ ಹವಳ ಆದ್ರೆ ಈ ಲೆಕ್ಕ ನಡೆಯಲ್ಲ, ವರ್ಷಕ್ಕೆ ಹತ್ತು ಸೆಂಟಿಮೀಟರ್ ಬೆಳೆಯುವಂಥವೂ ಇವೆ, ಒಂದು ಬಿರುಗಾಳಿಗೆ ಪೂರ್ತಿ ಮುರಿದೂ ಹೋಗುತ್ತೆ.

ಕೋಡ್_ಕಾಫಿ
ನಕ್ಷೆ ಆದ ಮೇಲೆ ಎಲ್ಲವನ್ನೂ ಜಿಪಿಎಸ್ ಸಮೇತ ಎಲ್ಲರಿಗೂ ತೆರೆದಿಡೋಣ. ಮಾಹಿತಿ ಮುಚ್ಚಿಟ್ರೆ ಏನು ಪ್ರಯೋಜನ?

ನೀರಿನಾಳ
ಬೇಡ. ಅಕ್ವೇರಿಯಮ್ಮಿಗೆ ಹವಳ, ಬಣ್ಣದ ಮೀನು ಕದಿಯುವವರಿದ್ದಾರೆ. ಎಲ್ಲಿ ಏನಿದೆ ಅಂತ ನಾವೇ ಬರೆದು ಕೊಟ್ಟ ಹಾಗಾಗುತ್ತೆ.

ಕೋಡ್_ಕಾಫಿ
ಹಾಗಂತ ಮುಚ್ಚಿಟ್ಟ ಮಾಹಿತಿ ಒಬ್ಬರ ಲ್ಯಾಪ್‌ಟಾಪ್ ಕೆಟ್ಟಾಗ ಹೋಗಿಬಿಡುತ್ತೆ. ನಮ್ಮ ದೇಶದಲ್ಲಿ ಎಷ್ಟು ಒಳ್ಳೆಯ ದಾಖಲೆಗಳು ಹಾಗೇ ಕಳೆದುಹೋಗಿಲ್ಲ?

ಮತ್ಸ್ಯಶಾಸ್ತ್ರ
ಇಬ್ಬರದ್ದೂ ಸರಿ. ಚಿತ್ರ, ಅಳತೆ, ವರ್ಷವಾರು ಬದಲಾವಣೆ ಎಲ್ಲರಿಗೂ ತೆರೆದಿಡಿ. ನಿಖರವಾದ ಜಾಗ ಮಾತ್ರ ಇಲಾಖೆ, ಸಂಶೋಧಕರು, ಮತ್ತೆ ತಾಂಡೇಲರಂಥ ಊರಿನವರ ಹತ್ರ ಇರಲಿ. ಪ್ರತಿಯನ್ನು ಮೂರು ಕಡೆ ಇಡಿ.

ತಾಂಡೇಲರ_ಮನೆ
ಊರಿನವರ ಹತ್ರ ಅಂದ್ರಲ್ಲ, ಅದು ಬರವಣಿಗೆಯಲ್ಲಿ ಇರಲಿ.

ಬಿಸಿಲು_ಮಳೆ
2023ರ ಜನವರಿಯಿಂದ ಎರಡೂಕಾಲು ವರ್ಷದಲ್ಲಿ ಪ್ರಪಂಚದ 84% ಹವಳದ ದಿಬ್ಬಗಳಿಗೆ ಬಿಸಿ ತಟ್ಟಿದೆ ಅಂತ ಓದಿದ್ದೆ. ಇಷ್ಟಾದ ಮೇಲೆ ಒಂದು ಚೌಕ ಅಳೆದು ಏನು ಮಾಡ್ತೀರಿ? ಬೇಜಾರು ಮಾಡ್ಕೋಬೇಡಿ, ನಿಜವಾಗಿ ಕೇಳ್ತಿದ್ದೀನಿ.

ಟೌನ್ಸ್‌ವಿಲ್_ಕನ್ನಡತಿ
ಬೇಜಾರಿಲ್ಲ, ನಾನೂ ಕೇಳಿಕೊಳ್ಳುವ ಪ್ರಶ್ನೆ ಇದು. ಒಂದೇ ಬಿಸಿಯಲ್ಲಿ ಪಕ್ಕಪಕ್ಕದ ಎರಡು ಹವಳಗಳಲ್ಲಿ ಒಂದು ಸಾಯುತ್ತೆ, ಒಂದು ಉಳಿಯುತ್ತೆ. ಉಳಿದದ್ದು ಯಾವುದು, ಎಲ್ಲಿ, ಯಾವ ಆಳದಲ್ಲಿ ಅಂತ ಗೊತ್ತಾದ್ರೆ ಆ ಜಾಗಕ್ಕೆ ಆಂಕರ್ ಬೀಳದ ಹಾಗೆ, ಕೆಸರು ಹೋಗದ ಹಾಗೆ ನೋಡಿಕೊಳ್ಳಬಹುದು. ನೇತ್ರಾಣಿಯ ಹವಳ ವರ್ಷವೂ ಮಳೆಗಾಲದ ಕಲಕುನೀರು ತಡೆದುಕೊಂಡು ಬಂದಿರುವಂಥದ್ದು. ಅದು ಹೇಗೆ ಬದುಕ್ತಿದೆ ಅಂತ ತಿಳಿಯೋಕೆ ನನಗಂತೂ ಬಹಳ ಆಸೆ ಇದೆ.

ಕಡಲಂಚು
ಎಲ್ಲರಿಗೂ ಧನ್ಯವಾದ. ಬಿರುಕು ನೋಡಿ ಅಂದ ಮೇಲೆ ಹಳೆಯ ಕ್ಲಿಪ್ ತೆಗೆದು ಹೊಸದರ ಪಕ್ಕ ಇಟ್ಟು ನೋಡಿದೆ. ಹವಳದ ಎಡಗಡೆ ಬಂಡೆಯಲ್ಲಿ ವೈ ಆಕಾರದ ಬಿರುಕು ಎರಡರಲ್ಲೂ ಇದೆ. ಅದೇ ಹವಳ. ನೆತ್ತಿಯ ಭಾಗ ಸತ್ತು ಪಾಚಿ ಹಿಡಿದಿದೆ, ಬಲಬದಿಯ ಕೆಳಗಿನ ಸುತ್ತು ಮಾತ್ರ ಜೀವಂತ.

ಮೊದಲ ಚೌಕ ಅದರ ಸುತ್ತಲೇ ಹಾಕೋಣ ಅಂತಿದ್ದೀನಿ. ಅರ್ಜಿಯ ಕರಡು ಈ ವಾರ ಇಲ್ಲೇ ಹಾಕ್ತೀನಿ, ತಿದ್ದಿಕೊಡಿ. ತಾಂಡೇಲಣ್ಣ, ಭಾನುವಾರ ಭಟ್ಕಳಕ್ಕೆ ಬರಬಹುದಾ?

ತಾಂಡೇಲರ_ಮನೆ
ಬನ್ನಿ. ಬೆಳಿಗ್ಗೆ ಬಂದರಿನಲ್ಲಿ ಇರ್ತೇನೆ, ಹತ್ತರ ಒಳಗೆ ಬನ್ನಿ. ಬರುವಾಗ ಆ ಕ್ಲಿಪ್ ಫೋನಿನಲ್ಲಿ ಹಾಕಿಕೊಂಡು ಬನ್ನಿ, ಅಪ್ಪನಿಗೂ ತೋರಿಸೋಣ.

ನೀರಿನಾಳ
ನಾನೂ ಬರ್ತೀನಿ. ಅಳತೆ ಪಟ್ಟಿಗೆ ಪಿವಿಸಿ ಪೈಪ್ ಬೇಡ, ಒಳಗೆ ಗಾಳಿ ಸಿಕ್ಕಿಕೊಂಡ್ರೆ ತೇಲುತ್ತೆ. ಅಲ್ಯೂಮಿನಿಯಂ ಪಟ್ಟಿ ಕತ್ತರಿಸಿಕೊಂಡು ತರ್ತೀನಿ.